ನನ್ನ ಗಾಜಿನ ಮೇಲಿನ ಬೊಟ್ಟು

ನಾನೊಂದು ಕನ್ನಡಿ. ಹುಟ್ಟಿದ್ದು ಎಲ್ಲೋ, ಬುದ್ಧಿ ಬಂದದ್ದು ಗದಗಿನ ಒಂದು ಬಳೆ ಅಂಗಡಿಯಲ್ಲಿ. ಸಾಗವಾನಿ ಚೌಕಟ್ಟು, ಕಲೆಯಿಲ್ಲದ ಗಾಜು. ಆಗ ನನಗೆ ಜಂಬವೋ ಜಂಬ. ನಲವತ್ತು ವರ್ಷ ನನ್ನ ಮುಂದೆ ಕೂತು ಕೈಯೊಡ್ಡಿದವರೆಲ್ಲ ಹಣೆಗೆ ಕುಂಕುಮ ಇಟ್ಟವರೇ. ಗಂಡ ಸತ್ತ ಹೆಂಗಸರು ಮಗಳನ್ನು ಒಳಗೆ ಕಳಿಸಿ ತಾವು ಹೊಸ್ತಿಲಾಚೆ ಮರೆಯಲ್ಲಿ ನಿಲ್ಲುತ್ತಿದ್ದರು. ಅವರ ಮುಖ ನಾನು ಕಂಡೇ ಇಲ್ಲ. ಕಾಣಬೇಕೆಂದು ಅನ್ನಿಸಿರಲೂ ಇಲ್ಲ.

ಅಂಗಡಿ ಮುಚ್ಚಿತು. ಗುಜರಿಯಲ್ಲಿ ಬಿದ್ದಿದ್ದ ನನ್ನನ್ನು ರೇಣುಕಾ ಬಡಿಗೇರ ಎಂಬ ಕಲಾವಿದೆ ಎತ್ತಿ ತಂದಳು. ಬೆನ್ನಿಗೆ ಬಳಿದ ರಸದ ಲೇಪ ತೆಳುವಾಗಿಸಿ, ಹಿಂದೊಂದು ಪರದೆ ಕೂರಿಸಿ, ಅದಕ್ಕೆ ಕಂಪ್ಯೂಟರ್ ಜೋಡಿಸಿದಳು. ಅದರೊಳಗೆ ಕೃತಕ ಬುದ್ಧಿಮತ್ತೆಯಂತೆ. ಸ್ಟುಡಿಯೋಗಳಿಂದ ಹಳೆಯ ಮದುವೆ ಫೋಟೋಗಳನ್ನು ಸಾವಿರಗಟ್ಟಲೆ ತಂದು ಅದಕ್ಕೆ ತೋರಿಸಿದ್ದಳು. ಎದುರು ಕೂತವರು ತಮ್ಮ ಕನಸನ್ನೋ ನೆನಪನ್ನೋ ಹೇಳಿದರೆ ಅದು ನನ್ನ ಗಾಜಿನಲ್ಲಿ ಚಿತ್ರ ಮೂಡಿಸುತ್ತಿತ್ತು. ಬೆಳಕು ಆರಿದರೆ ನಾನು ಮತ್ತೆ ಬರೀ ಕನ್ನಡಿ.

ಚಿತ್ರಕಲಾ ಶಾಲೆಯೊಂದರ ಸಭಾಂಗಣದಲ್ಲಿ ಹದಿನೈದು ದಿನದ ಪ್ರದರ್ಶನ. ಸೈಕಲ್ ಮೇಲೆ ಹಾರುವ ಕನಸು ಕಂಡವರು, ಪರೀಕ್ಷೆಗೆ ತಡವಾದ ಕನಸು ಕಂಡವರು, ಯಾರ್ಯಾರೋ ಬಂದರು. ದಿನಾ ಬೆಳಿಗ್ಗೆ ನನ್ನನ್ನು ಒರೆಸುತ್ತಿದ್ದವಳು ಅಲ್ಲಿ ಕಸ ಗುಡಿಸುವ ಫಕೀರವ್ವ. ಅರವತ್ತು ದಾಟಿದ ಹೆಂಗಸು, ಬರಿಯ ಹಣೆ. ಒರೆಸುವಾಗ ಅವಳು ಗಾಜನ್ನು ನೋಡುತ್ತಿದ್ದಳೇ ಹೊರತು ತನ್ನನ್ನು ನೋಡಿಕೊಳ್ಳುತ್ತಿರಲಿಲ್ಲ.

ಕೊನೆಯ ದಿನ ಅವಳು ಪೊರಕೆ ಗೋಡೆಗೆ ಒರಗಿಸಿ ರೇಣುಕಾಳ ಮುಂದೆ ನಿಂತಳು.

"ಅಕ್ಕಾರ, ನಮ್ಮವ್ವ ಸತ್ತಾಗ ನಾ ಒಂಬತ್ತು ವರ್ಷದಾಕಿ. ಈಗೀಗ ಆಕಿ ಮಾರಿ ಮರ್ತು ಹೊಂಟೈತ್ರಿ. ಒಂದು ಫೋಟೋನೂ ಇಲ್ಲ. ಒಮ್ಮೆ ತೋರಸ್ತೀರೇನು?"

ರೇಣುಕಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಳು. ಫಕೀರವ್ವ ಹೇಳುತ್ತ ಹೋದಳು. ಮೊದಲು ಮೂಡಿದ್ದು ಯಾರೋ ಚೆಲುವೆ. "ಮೂಗು ಇಷ್ಟು ಚೂಪ ಇದ್ದಿಲ್ರಿ." ಮತ್ತೊಂದು ಮುಖ. "ಗಲ್ಲ ಒಳಗ ಹೋಗಿದ್ವು. ಬಾವಿ ರಾಟಿ ಬಡದು ಎಡ ಹುಬ್ಬಿನ ಮ್ಯಾಲ ಗಾಯ ಆಗಿತ್ತು." ಮಧ್ಯಾಹ್ನದವರೆಗೂ ಹೀಗೇ ನಡೆಯಿತು. ಕಡೆಗೊಂದು ಮುಖ ಬಂದಾಗ ಫಕೀರವ್ವನ ಕೈ ತಾನಾಗಿ ಸೆರಗಿಗೆ ಹೋಯಿತು.

"ಇಕೀನ," ಅಂದಳು. "ಇಕೀನ ನಮ್ಮವ್ವ."

ಆಮೇಲೆ ಅವಳ ಕಣ್ಣು ಚಿತ್ರದ ಹಣೆಗೆ ಹೋಯಿತು. ಆ ಹಣೆಯ ಮೇಲೆ ಅಗಲವಾದ ಕುಂಕುಮವಿತ್ತು.

"ನಾ ಹೊಟ್ಟ್ಯಾಗಿದ್ದಾಗನ ಅಪ್ಪ ಹೋದ. ಅವ್ವ ಕುಂಕುಮ ಹಚ್ಚಿದ್ದು ನಾ ನೋಡೇ ಇಲ್ರಿ. ಅದಕ್ಕ ಯಾರ ಮದುವ್ಯಾಗೂ ಆಕೀನ ಫೋಟೋಕ್ಕ ಕರೀಲಿಲ್ಲ."

ತಪ್ಪು ಎಲ್ಲಾಯಿತೆಂದು ನನಗೆ ಆಗ ಹೊಳೆಯಿತು. ನನ್ನಂತೆಯೇ ಆ ಯಂತ್ರವೂ ಹೊಸ್ತಿಲಾಚೆ ನಿಂತವರನ್ನು ನೋಡಿರಲಿಲ್ಲ. ನಾಚಿಕೆಯಾಯಿತು.

"ತಪ್ಪಾತು ಯವ್ವಾ, ತಡಿ, ಅಳಸ್ತೀನಿ," ಎಂದು ರೇಣುಕಾ ಕೀಲಿಮಣೆಗೆ ಕೈಹಾಕಿದಳು. ಫಕೀರವ್ವ ಆ ಕೈ ಹಿಡಿದುಕೊಂಡಳು.

"ಬ್ಯಾಡ್ರಿ. ಒಮ್ಮೆ ಊರ ಮಂದಿ ಅಳಿಸ್ಯಾರ. ನಿಮ್ಮ ಮಿಷನ್ನು ಗೊತ್ತಿಲ್ದ ಹಚ್ಚೈತಿ. ನೀವೂ ಅಳಸ್ಬ್ಯಾಡ್ರಿ."

ಉದ್ಘಾಟನೆಯ ದೀಪದ ಬಳಿ ಕುಂಕುಮದ ಬಟ್ಟಲು ಇನ್ನೂ ಇತ್ತು. ಅವಳು ಬೆರಳು ಒದ್ದೆ ಮಾಡಿಕೊಂಡು, ಕುಂಕುಮ ಅದ್ದಿ, ಆ ಹಣೆಯಿದ್ದಲ್ಲೇ ನನ್ನ ಗಾಜಿಗೆ ಹಚ್ಚಿದಳು. ಎಷ್ಟೋ ಜನರ ಅಲಂಕಾರ ನೋಡಿದ್ದೇನೆ, ನನಗೇ ಯಾರಾದರೂ ಬೊಟ್ಟಿಟ್ಟದ್ದು ಅದೇ ಮೊದಲು.

ಸಂಜೆ ಎಲ್ಲ ಕಳಚಿದರು. ಕಂಪ್ಯೂಟರ್ ಹೋಯಿತು, ಪರದೆ ಹೋಯಿತು. ಅವ್ವನ ಚಿತ್ರವನ್ನು ಕಾಗದದ ಮೇಲೆ ತೆಗೆಸಿ ರೇಣುಕಾ ಫಕೀರವ್ವನಿಗೆ ಕೊಟ್ಟಳು. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು.

ನಾನೀಗ ಅದೇ ಶಾಲೆಯ ಉಗ್ರಾಣದಲ್ಲಿ, ಚಿತ್ರಪಟ ನಿಲ್ಲಿಸುವ ಮುರಿದ ಈಸಲ್‌ಗಳ ಜೊತೆ ಇದ್ದೇನೆ. ಅಂಚಿನ ರಸ ಉದುರಿದೆ. ವಾರಕ್ಕೊಮ್ಮೆ ಫಕೀರವ್ವ ಬಂದು ಧೂಳು ಹೊಡೆಯುತ್ತಾಳೆ. ಗಾಜನ್ನೆಲ್ಲ ಒರೆಸಿ ಬೊಟ್ಟಿನ ಸುತ್ತ ಮಾತ್ರ ಬಟ್ಟೆ ತಿರುಗಿಸುತ್ತಾಳೆ. ಹೋದ ವಾರ ಒರೆಸಿಯಾದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಬೊಟ್ಟು ಸರಿಯಾಗಿ ತನ್ನ ಹಣೆಗೆ ಬರುವಂತೆ ನಿಂತು, ತನ್ನನ್ನು ತಾನು ನೋಡಿಕೊಂಡಳು. ನಾನು ಆ ಮುಖವನ್ನು ಅಲುಗಾಡದೆ ಹಿಡಿದುಕೊಂಡೆ. ಆಮೇಲೆ ಅವಳು ಪೊರಕೆ ತೆಗೆದುಕೊಂಡು ಹೊರಟುಹೋದಳು.