ಒದೆಯುವವನಿಗೆ ಸಾರು

ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿ ಮೂರು ಅಂಕ ತರುವುದಷ್ಟೇ ನನ್ನ ಕೆಲಸ. ಪಂದ್ಯ ನಡೆಯುವಾಗ ನಮ್ಮವರು ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಒದೆಯುವವನ ಗಮನ ಕೆಡಬಾರದಂತೆ. ಹಾಳು ರೂಢಿ, ಆದರೂ ಒಗ್ಗಿಹೋಗಿತ್ತು.

ಅದು ಸೀಸನ್ನಿನ ಕೊನೆಯ ಪಂದ್ಯ. ಗೆದ್ದರೆ ಮುಂದಿನ ಪ್ಲೇಆಫ್ ಸುತ್ತು, ಸೋತರೆ ಮನೆ. ನಾವು ಎರಡು ಅಂಕ ಹಿಂದಿದ್ದೆವು. ಸರೋವರದ ಕಡೆಯಿಂದ ಹಿಮಗಾಳಿ ಬೀಸುತ್ತಿತ್ತು. ಹಿಂದಿನ ವಾರ ಅಂಥದ್ದೇ ಗಾಳಿಯಲ್ಲಿ ನನ್ನ ಒದೆತ ತಪ್ಪಿತ್ತು. ಕೊನೆಯ ಕ್ಷಣಗಳು. ಇಷ್ಟು ದೂರದಿಂದ ಒದೆಯುವುದು ನನಗೆ ಸಾಧ್ಯ ಎಂದುಕೊಂಡು ಹೆಲ್ಮೆಟ್ ಹಾಕಿಕೊಂಡು ಎದ್ದೆ.

ಆಗ ನಮ್ಮ ತಂಡದ ದೈತ್ಯ ಡ್ವೇನ್ ಪಕ್ಕಕ್ಕೆ ಬಂದು, ಕೋಳಿ ಸಾರಿನ ಲೋಟ ಕೈಗಿತ್ತ.

"ಕುಡಿಯೋ, ಬಿಸಿ ಇದೆ. ಮಗಳು ಹೇಗಿದಾಳೆ?"

ಇಡೀ ಸೀಸನ್ ಕೇಳದವನು ಈಗ ಕೇಳಿದ. ನನಗೆ ತಕ್ಷಣ ಅರ್ಥವಾಯಿತು. ಮೈದಾನದತ್ತ ನೋಡಿದೆ. ಕೋಚ್ ನನ್ನನ್ನು ಕರೆಯದೆ, ಎಸೆದು ಹಿಡಿಯುವವರನ್ನೇ ಮತ್ತೆ ಆಡಿಸುತ್ತಿದ್ದರು.

ಚೆಂಡು ಎತ್ತರಕ್ಕೆ ಹಾರಿತು. ನಮ್ಮವನೊಬ್ಬ ಗೆರೆಯಾಚೆ ಅದನ್ನು ಹಿಡಿದ. ಗೆದ್ದೆವು. ಡ್ವೇನ್ ಸೇರಿ ಎಲ್ಲರೂ ಕೂಗುತ್ತಾ ಮೈದಾನಕ್ಕೆ ಓಡಿದರು.

ನಾನು ಹೆಲ್ಮೆಟ್ ತೆಗೆದು ಬೆಂಚಿನ ಮೇಲೆ ಕೂತೆ. ಸಾರಿನ ಬಿಸಿ ಇನ್ನೂ ಆರಿರಲಿಲ್ಲ.

"ಚೆನ್ನಾಗಿದಾಳೆ," ಅಂದೆ.