ಅಂಗಿ ತೆಗೆದು ಕೂತ ಊಟ

ಗಿರೀಶ ಕನ್ನಡಿಯ ಮುಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಎದೆಯ ನಡುವಿನ ಉದ್ದನೆಯ ಹೊಲಿಗೆಯ ಸುತ್ತ ಮುಟ್ಟಿದರೆ ಇನ್ನೂ ಗೊತ್ತಾಗುತ್ತಿರಲಿಲ್ಲ. ಮನಸ್ಸೂ ಹಾಗೇ ಮರಗಟ್ಟಿತ್ತು. ಬದುಕಿದ್ದಕ್ಕೆ ಸಂತೋಷವಾಗಬೇಕಿತ್ತು, ಆಗಿರಲಿಲ್ಲ.

ತಂಗಿ ಚೇತನಾಳ ಮದುವೆಯ ಮಾತು ಮುಗಿಸಲು ಸಿದ್ದಾಪುರದಿಂದ ಗಂಡಿನ ಕಡೆಯವರು ಯಲ್ಲಾಪುರದ ಅವರ ಮನೆಗೆ ಬಂದಿದ್ದರು. ದೇವರ ನೈವೇದ್ಯವಾಗಿತ್ತು. ಇನ್ನು ಗಂಡಸರು ಅಂಗಿ ತೆಗೆದು ಪಂಕ್ತಿಗೆ ಕೂರಬೇಕು.

"ನೀನು ಅಂಗಿ ತೆಗಿಯಡ ತಮಾ. ಜ್ವರ ಬಂಜು ಹೇಳಿ ಹೇಳ್ತೆ," ಎಂದಳು ತಾಯಿ ಪರಿಮಳಾ. ಮಗನಿಗೆ ಆದದ್ದು ಹೊಟ್ಟೆಯ ಆಪರೇಶನ್ ಎಂದು ಅವಳು ಊರಿಗೆಲ್ಲ ಸಾರಿಯಾಗಿತ್ತು.

"ಆಯಿ, ಇದು ವಂಶದಲ್ಲಿ ಬಪ್ಪ ಕಾಯಿಲೆ. ಚೇತನಂಗೂ ಪರೀಕ್ಷೆ ಆಗವು ಹೇಳಿ ಡಾಕ್ಟ್ರು ಹೇಳಿದ್ದ."

"ಮದ್ವೆ ಆದಮೇಲೆ ತೋರ್ಸನ. ಈಗ ಸುದ್ದಿ ಹೊರಗೆ ಬಿದ್ರೆ ಆ ಕೂಸಿನ ಯಾರು ಮದ್ವೆ ಮಾಡ್ಕತ್ತ? ಅದು ಗಟ್ಟಿಮುಟ್ಟಾಗಿದ್ದು."

"ಆನೂ ಗಟ್ಟಿಮುಟ್ಟಾಗೇ ಇದ್ದಿದ್ದೆ."

ಅವಳ ಅಂಜಿಕೆ ಸುಳ್ಳಲ್ಲ. ನೆಂಟರ ಹುಡುಗಿಯೊಬ್ಬಳ ಮೊಣಕೈ ಮೇಲಿನ ಒಂದು ತೊನ್ನಿನ ಕಲೆಗೆ ಮುರಿದುಬಿದ್ದ ಸಂಬಂಧವನ್ನು ಅವಳು ಕಣ್ಣಾರೆ ಕಂಡಿದ್ದಳು.

ಎಲೆ ಹಾಕಿದರು. ಗಿರೀಶ ಬಂದು ನಿಂತ. ಒಂದೊಂದೇ ಗುಂಡಿ ಬಿಚ್ಚಿ, ಅಂಗಿ ಮಡಚಿಟ್ಟು, ಬರಿಮೈಯಲ್ಲಿ ಕೂತ. ತುಪ್ಪ ಬಡಿಸುತ್ತಿದ್ದ ಪರಿಮಳಾಳ ಕೈ ಅಲ್ಲೇ ನಿಂತಿತು.

"ಇದೆಂತದೋ ಗಿರೀಶಾ?" ಎಂದರು ಹುಡುಗನ ತಂದೆ.

"ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಉಬ್ಬಿತ್ತು ಮಾವ. ಒಡೆಯದ್ರೊಳಗೆ ಡಾಕ್ಟ್ರು ಆ ಭಾಗ ತೆಗೆದು ಅದ್ರ ಜಾಗಕ್ಕೆ ಬಟ್ಟೆ ಕೊಳವೆ ಹೊಲಿದ. ಅಪ್ಪಯ್ಯ ಸಣ್ಣ ಪ್ರಾಯದಲ್ಲೇ ಹೋಗಿದ್ದೂ ಇದ್ರಿಂದ್ಲೇ ಇರಕ್ಕು. ಚೇತನಂಗೂ ಇರಕ್ಕು. ಇದ್ರೆ, ಬಸುರಿ ಆಪ ಮೊದ್ಲೇ ಗೊತ್ತಾಗವು. ಗೊತ್ತಾಗ್ದೇ ಹೋದ್ರೆ ಜೀವಕ್ಕೇ ಅಪಾಯ."

ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ಬಾಗಿಲ ಬಳಿ ನೀರಿನ ತಂಬಿಗೆ ಹಿಡಿದಿದ್ದ ಚೇತನಾ ಇದನ್ನು ಮೊದಲ ಸಲ ಕೇಳುತ್ತಿದ್ದಳು.

"ಮೊದ್ಲು ಪರೀಕ್ಷೆ ಆಗ್ಲಿ. ಮಾತು ಆಮೇಲೆ ಆಡನ," ಎಂದು ಹುಡುಗನ ತಂದೆ ಎಲೆಯ ಕಡೆ ತಿರುಗಿದರು. ಅದರ ಅರ್ಥ ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಅವರು ಹೋದ ಮೇಲೆ ಪರಿಮಳಾ ಎಲೆ ತೆಗೆದು ನೆಲ ಒರೆಸಿದಳು.

"ಅಣ್ಣಾ, ನಾಳೆ ಹುಬ್ಬಳ್ಳಿ ಆಸ್ಪತ್ರೆಗೆ ಹೋಪನ?" ಚೇತನಾ ಕೇಳಿದಳು.

ಗಿರೀಶ ತಲೆಯಾಡಿಸಿದ. ಒಳಗಿನಿಂದ ತಾಯಿಯ ದನಿ ಬಂತು.

"ಆನೂ ಬತ್ತೆ. ನಿಮ್ಮ ಅಪ್ಪಯ್ಯ ಹೋದ ದಿನ ಎಂತಾತು ಹೇಳದು ಯಂಗೊಬ್ಳಿಗೇ ಗೊತ್ತಿದ್ದು. ಡಾಕ್ಟ್ರಿಗೆ ಆನೇ ಹೇಳವು."