ಐವತ್ತನೆಯ ಹಕ್ಕಿ

"ನಿನ್ನ ಕೈಗೆ ಬುದ್ಧಿ ಇದೆಯೇನೋ? ಈ ಖಾಲಿ ರಸ್ತೇಲಿ ಯಾರಿಗೆ ಹಾರ್ನ್ ಹೊಡೆದೆ? ದನ ಇಲ್ಲ, ಜನ ಇಲ್ಲ!"

"ತಿರುವಿತ್ತಲ್ಲ ಭಾವ."

"ತಿರುವಂತೆ! ಚಂದ್ರಮುಕುಟ ಕೂತಿತ್ತು ಕಣೋ, ಆ ಬೇಲಿ ಕಂಬದ ಮೇಲೆ. ಐವತ್ತನೇ ಹಕ್ಕಿ. ಹಾರಿಸಿಬಿಟ್ಟೆ!"

ನಾನು ಇಪ್ಪತ್ತೆರಡು ವರ್ಷದಿಂದ ಶಾಲೆಯ ವ್ಯಾನು ಓಡಿಸುವವನು. ತಿರುವು ಕಂಡರೆ ಅಂಗೈ ನನ್ನನ್ನು ಕೇಳದೆ ಹಾರ್ನಿನ ಮೇಲೆ ಕೂರುತ್ತದೆ. ಭಾವ ಗಣಿತದ ಮೇಷ್ಟ್ರು, ಹಕ್ಕಿಯ ಹುಚ್ಚು. ಪ್ರತಿ ವಸಂತದಲ್ಲೂ ಪಕ್ಷಿ ಸಂಘದವರು ಒಂದು ದಿನದ ಎಣಿಕೆ ನಡೆಸುತ್ತಾರೆ. ಸಂಜೆಯೊಳಗೆ ಐವತ್ತು ಜಾತಿ ಕಂಡವರ ಹೆಸರು ಸಂಘದ ಗೋಡೆ ಏರುತ್ತದೆ. ಒಬ್ಬರೇ ಕಂಡರೆ ಸಾಲದು. ಜೊತೆಗಾರನೂ ಪಕ್ಕದಲ್ಲೇ ನಿಂತು ಕಂಡು ರುಜು ಹಾಕಬೇಕು. ಆರು ವರ್ಷ ಜೊತೆಗೆ ಹೋಗಿ ಸಾಕಾದ ಅಕ್ಕ ಈ ಸಲ ನನ್ನನ್ನು ತಳ್ಳಿದ್ದಳು. "ಐವತ್ತು ಮುಟ್ಟಿಸಿಕೊಂಡೇ ಬಾರೋ. ಇಲ್ದಿದ್ರೆ ಇನ್ನೊಂದು ವರ್ಷ ನಾನು ಅದೇ ಪುರಾಣ ಕೇಳ್ಬೇಕು."

ಭಾವ ಪಟ್ಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ಹಾಕು ರುಜು."

"ನಾ ನೋಡಿಲ್ಲ."

"ನಾನು ನೋಡಿದೀನಲ್ಲ!"

"ನನಗೆ ಕಂಡಿದ್ದು ಕಂಬ. ಬೇಕಾದ್ರೆ ಕಂಬಕ್ಕೆ ಹಾಕ್ತೀನಿ."

"ಬೆಳಗ್ಗೆ ಪೊದೆ ಒಳಗಿದ್ದ ಹಕ್ಕಿಗೆ ಹಾಕ್ದೆ. ಅದೇನು ನಿನಗೆ ಪೂರ್ತಿ ಕಂಡಿತ್ತಾ?"

"ಬಾಲ ಕಂಡಿತ್ತು."

"ಅಕ್ಕನ ಗಂಡ ಅನ್ನೋ ಮರ್ಯಾದೆಗಾದ್ರೂ..."

"ಮರ್ಯಾದೆಗೇ ಬೆಳಗ್ಗೆ ಐದರಿಂದ ನಿಮ್ಮನ್ನ ಹೊತ್ಕೊಂಡು ತಿರುಗ್ತಿದೀನಿ. ಸುಳ್ಳು ರುಜು ಬೇರೆ ಬೇಕಾ?"

ಭಾವ ಪಟ್ಟಿಯನ್ನೂ ಫೋನನ್ನೂ ಸೀಟಿನ ಮೇಲೆ ಎಸೆದರು. "ನಿನ್ನ ವ್ಯಾನು ನಿನಗೇ ಇರ್ಲಿ. ಬಸ್ಸಲ್ಲಿ ಹೋಗ್ತೀನಿ!" ಬಾಗಿಲನ್ನು ಧಡಾರನೆ ಹಾಕಿ, ಹೊಸ ಚಿಗುರಿನ ಸಾಲುಮರಗಳ ಕೆಳಗೆ ನಡೆದೇಬಿಟ್ಟರು. ನಾನೂ ಕರೆಯಲಿಲ್ಲ. ಕಾಲು ನೋಯಲಿ, ಆಮೇಲೆ ಬರುತ್ತಾರೆ ಅಂದುಕೊಂಡೆ.

ಅವರು ನೂರು ಹೆಜ್ಜೆ ಹೋಗಿರಬೇಕು. ಹಕ್ಕಿ ಅದೇ ಕಂಬಕ್ಕೆ ವಾಪಸು ಬಂತು. ಇಟ್ಟಿಗೆ ಬಣ್ಣದ ಮೈ, ರೆಕ್ಕೆಗೆ ಕಪ್ಪು ಬಿಳಿ ಪಟ್ಟೆ. ತಲೆಯ ಮೇಲಿನ ಬೀಸಣಿಗೆ ಬಿಚ್ಚಿ ನನ್ನನ್ನೇ ನೋಡಿತು.

"ಭಾವಾ..." ಎಂದೆ. ಆ ಪಿಸುಮಾತು ನನಗೇ ಕೇಳಿಸಲಿಲ್ಲ. ಕೂಗಿದರೆ ಹಕ್ಕಿ ಹಾರುತ್ತದೆ. ಬಾಗಿಲು ತೆಗೆದರೆ ಅದರ ಕೀಲು ಕಿರುಚುತ್ತದೆ. ಅವರ ಫೋನು ಇಲ್ಲೇ ಬಿದ್ದಿದೆ. ಹಾರ್ನು ಹೊಡೆದರೆ ಭಾವ ತಿರುಗಿಯಾರು, ಆದರೆ ತೋರಿಸಲು ಹಕ್ಕಿ ಉಳಿಯಬೇಕಲ್ಲ! ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಅಂಗೈ ಹಾರ್ನಿನ ಹತ್ತಿರ ಹೋಗಿ ತಡೆದು ನಿಂತಿತು. ಅದನ್ನು ಹಾಗೇ ಹಿಡಿದುಕೊಂಡು, ಬೆವರುತ್ತಾ ಕೂತೆ.

ಅಷ್ಟರಲ್ಲಿ ನನ್ನ ಹಿಂದಿನಿಂದ ಬಸ್ಸು ಬಂತು. ಹಾರ್ನು ಬಾರಿಸುತ್ತಲೇ ವ್ಯಾನಿಗೂ ಕಂಬಕ್ಕೂ ದೂಳೆರಚಿ ಮುಂದೆ ಹೋಯಿತು. ಕಿವಿ ಗುಂಯ್ ಅಂದಿತು.

ಹಕ್ಕಿ ಕದಲಲಿಲ್ಲ. ಕೊಕ್ಕಿನಿಂದ ರೆಕ್ಕೆ ಕೆರೆದುಕೊಂಡಿತು.

"ಅಯ್ಯೋ ನಿನ್ನ!" ಎಂದು ನಾನು ಹಾರ್ನು ಅದುಮಿದೆ, ಅದುಮಿದ ಕೈ ಎತ್ತಲೇ ಇಲ್ಲ. ಭಾವ ಹಿಂದೆ ತಿರುಗಲಿಲ್ಲ. ಹೋಗೋ ಎಂಬಂತೆ ಬೆನ್ನ ಹಿಂದೆ ಒಂದು ಕೈ ಒದರಿ, ಬಸ್ಸು ಹತ್ತಿದರು.